ಭದ್ರಮ್ಮನ ಮನೆ ನೀರು

ಹೊಂಗನೂರಿನ ಬಸ್ಸಿಳಿದು ಕೆರೆ ಏರಿ ಹಿಡಿದು ನಡೆದರೆ ಸಿಗುವ ಆ ಊರಿನಲ್ಲಿ ಒಂದು ಮನೆಗೂ ಮಾಡಿ, ಅಂದರೆ ಮೇಲಂತಸ್ತು, ಇರಲಿಲ್ಲ. ದುಡ್ಡಿಲ್ಲದೆ ಅಂತ ಯಾರೂ ತಿಳಕೋಬೇಡಿ. ರೇಷ್ಮೆ ಕೈ ಹಿಡಿದಿದ್ದ ಕಾಲ ಅದು. ರಾಗಿ ಹೊಲವೆಲ್ಲ ಹಿಪ್ಪುನೇರಳೆ ಸೊಪ್ಪಿನ ತೋಟವಾಗಿ, ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದ ಗಂಡಸರು ಬರುವಾಗ ಕೈಗೆ ವಾಚು ಕಟ್ಟಿಕೊಂಡು, ಹೆಂಡತಿಗೆ ನೈಲೆಕ್ಸ್ ಸೀರೆ ತರುತ್ತಿದ್ದರು. ಆದರೂ ಮಾಡಿ ಮಾತ್ರ ಏಳಲಿಲ್ಲ. ಯಾಕೆಂದರೆ ಆ ಊರಿನಲ್ಲಿ ಮನೆ ಎತ್ತರಿಸುವುದು ಮನೆಯವನ ಮಾತಲ್ಲ, ಬೀದಿಯ ಮಾತು.

ಎತ್ತರಿಸಬೇಕು ಅನ್ನುವವನು ಮೊದಲು ಅಷ್ಟೇ ಎತ್ತರದ ಒಂದು ಬಿದಿರ ಗಳವನ್ನು ತನ್ನ ಬಾಗಿಲ ಮುಂದೆ ನೆಡಬೇಕು. ಅದರ ನೆರಳು ಎಲ್ಲಿ ಬೀಳುತ್ತದೆ ಅಂತ ಬೀದಿಯವರು ನೋಡಿಕೊಳ್ಳಬೇಕು. ಆಮೇಲೆ ಮಣ್ಣು ಕಲಸುವ ದಿನ ಒಪ್ಪಿದ ಮನೆಯವರು ಒಂದೊಂದು ಕೊಡ ನೀರು ತಂದು ಹುಯ್ಯಬೇಕು. ಒಪ್ಪದವರು ಖಾಲಿ ಕೊಡವನ್ನು ತಮ್ಮ ಜಗಲಿಯ ಮೇಲೆ ಬೋರಲು ಹಾಕಿ ಒಳಕ್ಕೆ ಹೋಗಿಬಿಡಬೇಕು. ಒಂದು ಕೊಡ ಬೋರಲು ಬಿದ್ದರೂ ಸಾಕು, ಮಣ್ಣು ಕಲಸುವ ಹಾಗಿಲ್ಲ. ಯಾಕೆ ಅಂತ ಕೇಳುವ ಹಾಗೂ ಇಲ್ಲ. ಹಳೆಯವರು ಮಾಡಿಟ್ಟ ಈ ಕಟ್ಟಳೆಯಲ್ಲಿ ನ್ಯಾಯ ಇತ್ತು, ಇಲ್ಲ ಅನ್ನೋದಿಲ್ಲ. ಹುಳ ಹಣ್ಣಾದಾಗ ಗೂಡು ಕಟ್ಟಲು ಅವನ್ನು ಬಿಡುವ ಬಿದಿರಿನ ತಟ್ಟಿಗಳನ್ನು, ಚಂದ್ರಿಕೆಗಳನ್ನು, ಪ್ರತಿ ಮನೆಯವರೂ ಜಗಲಿಗೆ ಒರಗಿಸಿ ಬೆಳಗಿನ ಬಿಸಿಲಿಗೆ ಇಡುತ್ತಿದ್ದರು. ಬಿಸಿಲು ಗಾಳಿ ತಪ್ಪಿದರೆ ಗೂಡು ತೇವ ಹಿಡಿದು ಹಾಳು. ಎದುರು ಮನೆಯವನು ಮಾಡಿ ಎಬ್ಬಿಸಿದರೆ ಇವರ ಅನ್ನದ ಮೇಲೇ ನೆರಳು.

ಭದ್ರಮ್ಮನ ಮನೆ ಆ ಬೀದಿಯ ಪಡುವಲ ಸಾಲಿನಲ್ಲಿತ್ತು, ಬಾಗಿಲು ಮೂಡಲಿಗೆ. ಬೆಳಗಿನ ಬಿಸಿಲು ಸೀದಾ ಬಂದು ಅವಳ ಜಗಲಿ ಮೇಲೆ ಕೂರುತ್ತಿತ್ತು. ಗಂಡ ಚಿಕ್ಕಯ್ಯ ಇದ್ದೂ ಇಲ್ಲದಂಥ ಮನುಷ್ಯ. ಮನೆ, ತೋಟ, ಹುಳ ಎಲ್ಲ ಅವಳದೇ ದರಬಾರು. ಮೈಯೆಲ್ಲ ಗತ್ತು, ಬಾಯಿ ಜೋರು, ಕೈ ಧಾರಾಳ. ಒಮ್ಮೆ ಮಳೆಗಾಲದಲ್ಲಿ ಸುಣ್ಣಕಟ್ಟು ರೋಗ ಬಂದು ತಟ್ಟೆ ತಟ್ಟೆ ಹುಳ ಸೀಮೆಸುಣ್ಣದ ಹಾಗೆ ಬೆಳ್ಳಗೆ ಸೆಟೆದುಕೊಂಡಿದ್ದನ್ನು ಕಂಡವಳು. ಅವತ್ತಿನಿಂದ ಬಿಸಿಲು ಅಂದರೆ ಅವಳಿಗೆ ಪ್ರಾಣ.

ಅವಳಿಗೆ ಪ್ರಾಣ ಅಂತ ಇನ್ನೊಂದಿತ್ತು. ಎದುರು ಮನೆ ಬೀರಲಿಂಗಯ್ಯನ ಮಗಳು ಕೆಂಪಿ. ಭದ್ರಮ್ಮ ಹೆತ್ತಿದ್ದು ಎರಡೂ ಗಂಡು. ಎರಡೂ ಚನ್ನಪಟ್ಟಣದ ಕಡೆ ಮಾವಂದಿರ ಮನೆ ಸೇರಿಕೊಂಡಿದ್ದವು. ಕೆಂಪಿ ನಡೆಯಲು ಕಲಿತಿದ್ದೇ ಇವಳ ಜಗಲಿ ಮೇಲೆ. "ದೊಡ್ಡವ್ವ" ಅಂತ ಕೂಗುತ್ತಾ ಬಂದು ಸೊಪ್ಪಿನ ಬುಟ್ಟಿಯೊಳಗಿನ ಹಣ್ಣು ಆರಿಸಿ ತಿಂದು ಬಾಯೆಲ್ಲ ನೇರಳೆ ಮಾಡಿಕೊಳ್ಳುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದುದು ಭದ್ರಮ್ಮನೇ ಹೊರತು ಹೆತ್ತ ತಾಯಿ ಅಂಬಮ್ಮ ಅಲ್ಲ. ಅಂಬಮ್ಮನಿಗೆ ಆಗ ಕುರಿ ಹಿಂದೆ ಓಡಾಡಿಯೇ ಸಾಕಾಗುತ್ತಿತ್ತು. ಕೆಂಪಿಯನ್ನು ಕಬ್ಬಾಳಿಗೆ ಕೊಟ್ಟು ಕಳಿಸಿದ ದಿನ ಬೀದಿಯಲ್ಲಿ ಜೋರಾಗಿ ಅತ್ತವಳು ಭದ್ರಮ್ಮ.

ಬೀರಲಿಂಗಯ್ಯ ಕುರಿ ಮಂದೆ ಮಾರಿ ಸೊಪ್ಪು ನೆಟ್ಟಿದ್ದು ಆಮೇಲೆ. ನೆಟ್ಟವನಿಗೆ ನೆಲ ಒಲಿಯಿತು. ಅವನ ಗೂಡು ಅಂದರೆ ಮಾರ್ಕೆಟ್ಟಿನಲ್ಲಿ ಮುಗಿಬೀಳುತ್ತಿದ್ದರು. ನಿನ್ನೆ ಮೊನ್ನೆ ಕುರಿ ಕಾಯ್ತಿದ್ದವನ ಗೂಡಿಗೆ ತನ್ನದಕ್ಕಿಂತ ಹೆಚ್ಚು ರೇಟು! ಭದ್ರಮ್ಮ ಅದನ್ನು ನುಂಗಿಕೊಂಡಳು, ಆದರೆ ಅರಗಿಸಿಕೊಂಡಳು ಅಂತ ಹೇಳಲಾರೆ.

ಹಟ್ಟಿಯಲ್ಲಿ ಕುರಿ ಇದ್ದ ಜಾಗವೇ ಅವರ ಹುಳದ ಮನೆಯಾಯಿತು. ಹುಳ ದೊಡ್ಡದಾದಾಗ ನಡುಮನೆಗೂ ತಟ್ಟೆ ಬಂದು ಕೂರುತ್ತಿದ್ದವು. ಮನುಷ್ಯರು ಹೋಗಿ ಜಗಲಿ ಮೇಲೆ ಮಲಗುವುದು. ಆ ಬೀದಿಯಲ್ಲಿ ಎಲ್ಲರ ಪಾಡೂ ಅದೇ; ಹುಳಕ್ಕೆ ಮನೆ, ಮನೆಯವರಿಗೆ ಬೀದಿ. ಗಟ್ಟಿ ಮೈಯವರಿಗೆ ಅದು ನಡೆದೀತು. ಆದರೆ ಕೆಂಪಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ, ತವರಿಗೆ ಬರಲೇಬೇಕು. ಬರುವುದು ಪುಷ್ಯ ಮಾಸದ ಚಳಿಯಲ್ಲಿ. ಬಾಣಂತಿಯನ್ನು ಎಲ್ಲಿ ಮಲಗಿಸುವುದು?

ಅದಕ್ಕೇ ಬೀರಲಿಂಗಯ್ಯ ದೀಪಾವಳಿ ಕಳೆಯುತ್ತಲೇ ಬಾಗಿಲ ಮುಂದೆ ಗಳ ನೆಟ್ಟ. ಪಂಚಾಯ್ತಿ ಆಫೀಸಿನಿಂದ ಕಾಗದವನ್ನೂ ತಂದಿದ್ದ. ಅದನ್ನು ಊರ ಯಜಮಾನ ದೊಡ್ಡಮುನಿಯಪ್ಪನ ಮುಂದೆ ಹಿಡಿದರೆ ಆತ ಮುಟ್ಟಲೂ ಇಲ್ಲ.

"ಇದು ಸರ್ಕಾರಕ್ಕೆ ಕಣ್ಲಾ. ಬೀದಿಯೋರ ತಾವ ನೀರು ಕೇಳು."

ಸಾಯಂಕಾಲ ಅರಳಿಕಟ್ಟೆಯಲ್ಲಿ ಎಲ್ಲರೂ ಸೇರಿದರು. ಬೀರಲಿಂಗಯ್ಯ ಕೈಮುಗಿದು ನಿಂತು ಹೇಳಿದ: "ಒಂದೇ ಒಂದು ಕೋಣೆ ಕಣ್ರಪ್ಪ, ಮಾಡಿ ಮ್ಯಾಲೆ. ಹುಳದ ಗದ್ದಲ ಇಲ್ದಂಗೆ ಮಗಳು ಬಾಣಂತನ ಮಾಡ್ಕೊಳ್ಲಿ ಅಂತ." ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಳ್ಳೆಯವನ ಬಾಯಿ ನೋಡಿ, ಮುಂದುವರಿಸಿಬಿಟ್ಟ: "ಆಮ್ಯಾಕೆ ಬೇಕಾದ್ರೆ ರಾಮನಗರದ ರಸೂಲ್ ಸಾಬ್ರು ಬಾಡಿಗೆಗೆ ಕೇಳ್ತಾವ್ರೆ. ಗೂಡು ಕೊಳ್ಳಾಕೆ ಬಂದಾಗ ಉಳ್ಕೊಳ್ಳಾಕೆ."

ಕಟ್ಟೆ ಮೇಲೆ ಗುಸುಗುಸು ಎದ್ದಿತು. ಕಟ್ಟೆಯ ಪಕ್ಕ ಹೆಂಗಸರ ನಡುವೆ ಕೂತಿದ್ದ ಭದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಬಂತು ನೋಡಿ ಈಗ ಹೊರಕ್ಕೆ! ಬಾಣಂತಿ ಹೆಸರಲ್ಲಿ ಬಾಡಿಗೆ ಮನೆ. ಇವತ್ತು ಒಬ್ಬ ಬತ್ತಾನೆ, ನಾಳೆ ಅವನ ಹಿಂದೆ ಹತ್ತು ಜನ. ಮಾಡಿ ಮ್ಯಾಲೆ ನಿಂತ್ಕೊಂಡು ನಮ್ಮ ಹಿತ್ತಲು, ನಮ್ಮ ಬಚ್ಚಲು ನೋಡ್ತಾ ಬೀಡಿ ಸೇದ್ತಾ ಕೂತ್ಕೋತಾರೆ. ಆ ಹೊಗೆ ನಮ್ಮ ಹುಳದ ಮ್ಯಾಲೆ. ಬಾವಿ ನೀರು ನಮಗೇ ಸಾಲ್ದು. ಬೈರಮಂಗಲದಾಗೆ ನೋಡಿಲ್ವಾ, ಒಬ್ಬ ಎಬ್ಬಿಸ್ದ, ವರ್ಷದೊಳಗೆ ಬೀದಿ ಯಾರದು ಅನ್ನಾದೇ ಗೊತ್ತಾಗ್ದಂಗಾಯ್ತು!"

ಹೌದು ಹೌದು ಅಂತ ತಲೆಗಳು ಆಡಿದವು. ಮಾತಿನಲ್ಲಿ ಸುಳ್ಳಿರಲಿಲ್ಲ. ರಸೂಲ್ ಸಾಬರು ಮರ್ಯಾದಸ್ಥರು, ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗುವವರು, ಅವರ ಹೆಸರು ಇಲ್ಲಿ ಯಾಕೆ ಅಂತ ಒಬ್ಬರಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಅಂಬಮ್ಮ ಎದ್ದಳು. ಕುರಿ ಕಾಯ್ದು ಕಾಯ್ದು ಮಾತು ಕಡಿಮೆಯಾದ ಹೆಂಗಸು. "ಬಾಡಿಗೆ ಬ್ಯಾಡ ಕಣಕ್ಕ. ಕೊಡಾಕಿಲ್ಲ ಅಂತ ಬೇಕಾದ್ರೆ ಕಬ್ಬಾಳಮ್ಮನ ಮ್ಯಾಲೆ ಆಣೆ ಇಡ್ತೀನಿ. ಮಗಳು ಬತ್ತಾಳೆ. ನಿನ್ನ ಕೆಂಪಿನೇ ಅಲ್ವಾ? ಎಲ್ಲಿ ಮಲಗಿಸಲಿ, ನೀನೇ ಹೇಳು."

ಎಲ್ಲರೂ ಭದ್ರಮ್ಮನ ಮುಖ ನೋಡಿದರು. ಕೆಂಪಿಯ ಹೆಸರು ಅವಳಿಗೆ ತಾಗದೆ ಇರಲಿಲ್ಲ. ಆದರೆ ನಾಕು ಜನರ ಮುಂದೆ ಎದ್ದು ನಿಂತು ಆಡಿದ ಮಾತು, ಹಿಂದಕ್ಕೆ ತಗೊಳ್ಳುವ ಜಾಯಮಾನ ಅವಳದಲ್ಲ.

"ಹುಳದ ಮನೇಲೆ ಮಲಗಿಸು. ಅದಕ್ಕಿಂತ ಬೆಚ್ಚನೆ ಜಾಗ ಯಾವ್ದೈತೆ? ಹುಳಕ್ಕೂ ಥಂಡಿ ಆಗಾಕಿಲ್ಲ, ಬಾಣಂತಿಗೂ ಥಂಡಿ ಆಗಾಕಿಲ್ಲ. ಹುಳದ ಮನೆಗೆ ಹೊರಗಿನೋರು ಕಾಲಿಡಂಗಿಲ್ಲ, ಬಾಣಂತಿ ಕೋಣೆಗೂ ಇಡಂಗಿಲ್ಲ. ಒಂದೇ ಅಗ್ಗಿಷ್ಟಿಕೆ ಇಬ್ಬರಿಗೂ ಆಯ್ತದೆ!"

ಜನ ನಕ್ಕರು. ಎಂಥ ಚೆಂದದ ಮಾತು ಅಂತ ಹೆಂಗಸರು ಅವಳ ತೋಳು ತಟ್ಟಿದರು. ಅಂಬಮ್ಮ ಕೂತುಕೊಂಡಳು.

ಮಾರನೇ ದಿನ ಮಬ್ಬು ಹರಿಯುವಾಗಲೇ ಭದ್ರಮ್ಮ ಎದ್ದು ಜಗಲಿಗೆ ಬಂದಳು. ಸೂರ್ಯ ಆಗಿನ್ನೂ ಹುಟ್ಟುತ್ತಿದ್ದ. ಗಳದ ನೆರಳು ಬೀದಿ ದಾಟಿ, ಜಗಲಿ ಹತ್ತಿ, ಅವಳ ಹೊಸಲಿನ ಮೇಲೆ ಬಿದ್ದಿತ್ತು. "ನೋಡಿದ್ಯಾ, ನನ್ನ ಹೊಸಲು ಮುಟ್ಟೈತೆ!" ಅಂತ ಗಂಡನನ್ನು ಎಬ್ಬಿಸಿ ತೋರಿಸಿದಳು, ಪಕ್ಕದ ಮನೆಯ ಕೆಂಚಮ್ಮನನ್ನು ಕೂಗಿ ತೋರಿಸಿದಳು. ಆಮೇಲೆ ಸಗಣಿ ಬಾಚಿ, ಸೊಪ್ಪು ಕೊಯ್ದು ತಂದು, ಬುಟ್ಟಿ ಇಳಿಸುವಾಗ ಇನ್ನೊಮ್ಮೆ ಅತ್ತ ಕಣ್ಣು ಹೋಯಿತು. ಚಂದ್ರಿಕೆ ಹೊರಗಿಡುವ ಹೊತ್ತು ಅದು. ಗಳದ ನೆರಳು ಅವಳ ಜಗಲಿ ಬಿಟ್ಟು, ಬೀದಿ ಬಿಟ್ಟು, ಬೀರಲಿಂಗಯ್ಯನ ಬಾಗಿಲಿಗೇ ವಾಪಸು ಹೋಗಿತ್ತು. ಇವಳ ಜಗಲಿ ಮೇಲೆ ಬಿಸಿಲು ಎಂದಿನ ಹಾಗೆ ತುಂಬಿ ನಿಂತಿತ್ತು.

ಭದ್ರಮ್ಮ ಅದನ್ನು ನೋಡಿದಳು. ಚೆನ್ನಾಗಿಯೇ ನೋಡಿದಳು. ಯಾರನ್ನೂ ಕರೆದು ತೋರಿಸಲಿಲ್ಲ.

ಮಣ್ಣು ಕಲಸುವ ದಿನ ಮೂಡಲ ಸಾಲಿನವರೆಲ್ಲ ನೀರು ತಂದರು. ಪಡುವಲ ಸಾಲಿನವರೂ ಗೊಣಗಿಕೊಂಡೇ ತಂದರು. ಬಸುರಿ ಹೆಣ್ಣಿನ ಮಾತು, ಯಾಕೆ ಬೇಕು ಪಾಪ ಅಂತ. ಕೆಂಚಮ್ಮ ಕೂಡ ತಂದಳು. ದೊಡ್ಡಮುನಿಯಪ್ಪ ಬೀದಿ ನಡುವೆ ನಿಂತು, "ಭದ್ರಮ್ಮ, ನಿಂದೊಂದು ಬಾಕಿ ಕಣವ್ವ" ಅಂದ. ಅವಳು ಕೊಡ ಹಿಡಿದು ಹೊರಗೆ ಬಂದಳು. ಅಂಬಮ್ಮನ ಮುಖ ಅರಳಿತು. ಭದ್ರಮ್ಮ ಕೊಡವನ್ನು ಜಗಲಿ ಮೇಲೆ ಬೋರಲು ಹಾಕಿ ಒಳಗೆ ಹೋದಳು.

ಗಾರೆ ಕೆಲಸದವರು ಸಲಕರಣೆ ಕಟ್ಟಿಕೊಂಡು ಹೊರಟುಹೋದರು. ಬೀರಲಿಂಗಯ್ಯ ಪಂಚಾಯ್ತಿ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಗಳ ಕಿತ್ತ. ಒಂದು ಮಾತಾಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿ ಇತ್ತು ಅಂತ ಚಿಕ್ಕಯ್ಯ ರಾತ್ರಿ ಊಟಕ್ಕೆ ಕೂತಾಗ ಅಂದ. "ನೀನು ಸುಮ್ಕೆ ಉಣ್ಣು" ಅಂದಳು ಭದ್ರಮ್ಮ.

ಕೆಂಪಿ ಬಂದಳು, ಹೆತ್ತಳು. ಗಂಡು ಮಗು. ಸೂಲಗಿತ್ತಿ ಕಾವೇರಮ್ಮ ಸುಸೂತ್ರವಾಗಿ ಬಿಡಿಸಿದಳು. ಹಸುಗೂಸಿನ ಅಳು ಬೀದಿ ದಾಟಿ ಭದ್ರಮ್ಮನ ಮನೆವರೆಗೂ ಕೇಳುತ್ತಿತ್ತು. ಬಾಣಂತಿಯನ್ನು ಮಲಗಿಸಿದ್ದು ಹುಳದ ಮನೆಯಲ್ಲಿ. ಬೇರೆ ಎಲ್ಲಿ ಮಲಗಿಸಿಯಾರು? ಎರಡನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳ. ಹಗಲೂ ರಾತ್ರಿ ಶಾಖ ಬೇಕು. ತಟ್ಟೆಗಳ ಸಾಲಿನ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ, ಅದರ ಪಕ್ಕ ಕೆಂಪಿಯ ಚಾಪೆ, ಕಂಬಳಿ.

ಭದ್ರಮ್ಮನಿಗೆ ತಡೆಯಲಾಗಲಿಲ್ಲ. ನೀರಿನ ದಿನದಿಂದ ಅಂಬಮ್ಮನೊಂದಿಗೆ ಮಾತಿರಲಿಲ್ಲ, ಮುಖ ಕಂಡರೆ ಮುಖ ತಿರುವುತ್ತಿದ್ದರು. ಆದರೂ ಒಂದು ದಿನ ಇಳಿಹೊತ್ತಿನಲ್ಲಿ, ಅಂಬಮ್ಮ ಸೊಪ್ಪಿಗೆ ಹೋಗಿದ್ದನ್ನು ನೋಡಿಕೊಂಡು, ಬೆಳ್ಳುಳ್ಳಿ ಹುರಿದು ಕುಟ್ಟಿದ ಮೆಣಸಿನ ಪುಡಿ ಸೆರಗಲ್ಲಿ ಕಟ್ಟಿಕೊಂಡು ನುಗ್ಗಿದಳು. ಕಾಲು ತೊಳೆದು ಒಳಗೆ ಅಡಿ ಇಟ್ಟಳು. ಕೆಂಪಿ ಗೋಡೆಗೆ ಒರಗಿ ಕೂತಿದ್ದಳು, ಮಡಿಲಲ್ಲಿ ಮಗು.

"ಬಂದ್ಯಾ ದೊಡ್ಡವ್ವ! ಬರಾಕಿಲ್ಲ ಅಂದ್ಕೊಂಡಿದ್ದೆ."

"ಬರ್ದೆ ಇರ್ತೀನಾ, ನನ್ನವ್ವ? ಕೊಡು ಇತ್ತ." ಮಗುವನ್ನು ಎದೆಗವಚಿಕೊಂಡು ಭದ್ರಮ್ಮ ಮೂಗು ಮುಖ ಎಲ್ಲ ನೋಡಿದಳು. ಥೇಟು ಬೀರಲಿಂಗಯ್ಯ. ಅದಕ್ಕೂ ಸಿಟ್ಟು ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

"ನೀನು ನೀರು ಕೊಡ್ಲಿಲ್ವಂತೆ," ಕೆಂಪಿ ನಗುತ್ತಲೇ ಕೇಳಿದಳು. ದೂರು ಹೇಳುವ ದನಿಯಲ್ಲ, ಚಿಕ್ಕಂದಿನಲ್ಲಿ ಹಣ್ಣು ಯಾಕೆ ಬಚ್ಚಿಟ್ಟೆ ಅಂತ ಕೇಳುತ್ತಿದ್ದ ದನಿ.

"ಬುಡು, ದೊಡ್ಡೋರ ಮಾತು. ಇಲ್ಲೇನು ಕಮ್ಮಿಯಾಗೈತೆ ನಿನಗೆ? ರಾಣಿ ಇದ್ದಂಗೆ ಬೆಚ್ಚಗಿದ್ದೀಯ."

"ಬೆಚ್ಚಗೇನೋ ಐತೆ. ಆದ್ರೆ ತಲೆ ಸಿಡೀತೈತೆ ದೊಡ್ಡವ್ವ, ಬೆಳಗ್ಗೆ ಎದ್ರೆ ವಾಂತಿ ಬಂದಂಗಾಯ್ತದೆ. ಅವ್ವ ಹೊರಗೆ ಮಲ್ಕೊತಾಳೆ, ಅವಳಿಗೇನಿಲ್ಲ. ಮಾಡಿ ಇದ್ದಿದ್ರೆ ಒಸಿ ಕಿಟಕಿ ತಕ್ಕೊಂಡು ಮಲಗ್ಬೋದಿತ್ತು."

ಕಿಟಕಿ ಅಂದಾಗ ಭದ್ರಮ್ಮ ತಲೆ ಎತ್ತಿದಳು. ಗೋಡೆ ಮೇಲಿನ ಸಣ್ಣ ಕಿಂಡಿ ಅರ್ಧ ತೆರೆದಿತ್ತು. ಅದರಿಂದ ಚಳಿಗಾಳಿ ಸುಯ್ ಅಂತ ಬಾಣಂತಿಯ ನೆತ್ತಿ ಮೇಲೇ ಇಳಿಯುತ್ತಿತ್ತು. "ಅಯ್ಯೋ ನಿನ್ನ! ಬಾಣಂತಿ ನೆತ್ತಿಗೆ ಥಂಡಿ ಗಾಳಿ ಬಡಿದ್ರೆ ತಲೆ ಸಿಡೀದೆ ಇನ್ನೇನಾದಾತು? ನಿಮ್ಮವ್ವನಿಗೆ ಇಷ್ಟೂ ತಿಳೀಬಾರದಾ?" ಮಗುವನ್ನು ಮಡಿಲಿಗೆ ಕೊಟ್ಟು, ಮೂಲೆಯಲ್ಲಿ ಬಿದ್ದಿದ್ದ ಗೋಣಿಚೀಲ ಮಡಚಿ, ಕಾಲ್ಬೆರಳ ಮೇಲೆ ನಿಂತು ಕಿಂಡಿಗೆ ತುರುಕಿದಳು. ಒಂದೆಳೆ ಬೆಳಕೂ ಬರದ ಹಾಗೆ ಗುದ್ದಿ ಗುದ್ದಿ ತುರುಕಿದಳು. ಕೆಂಪಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು ಕಟ್ಟಿದಳು. ಅಗ್ಗಿಷ್ಟಿಕೆಗೆ ಇನ್ನೆರಡು ಹಿಡಿ ಇದ್ದಿಲು ಹಾಕಿದಳು.

"ಈಗ ನಿದ್ದೆ ಬತ್ತದೆ ನೋಡು," ಅಂದಳು. ಹೊರಗೆ ಬಂದು ಬಾಗಿಲನ್ನು ತಾನೇ ಎಳೆದು ಹಾಕಿದಳು. ಆ ಹುಡುಗಿಗೆ ತನ್ನ ಕೈಯಿಂದ ಏನೋ ಒಂದು ಮಾಡಿದೆ ಅನ್ನುವ ಸಮಾಧಾನ ಅವಳಿಗೆ. ಬಹಳ ದಿನಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡಳು.

ಬೆಳಗ್ಗೆ ಕೇಳಿದ್ದು ಅಂಬಮ್ಮನ ಕೂಗು.

ಭದ್ರಮ್ಮ ಓಡಿದಳು. ಬೀದಿಯೇ ಓಡಿತು. ಹುಳದ ಮನೆಯ ಬಾಗಿಲು ತೆರೆದಿತ್ತು. ಕೆಂಪಿ ಮಗ್ಗುಲಾಗಿ ಮಲಗಿದ್ದಳು, ಮಗು ಎದೆಗೆ ಅಂಟಿಕೊಂಡಿತ್ತು. ಇಬ್ಬರ ಕೆನ್ನೆಯೂ ಕೆಂಪಗೆ, ಈಗಷ್ಟೇ ಎಣ್ಣೆನೀರು ಹಾಕಿಸಿಕೊಂಡ ಹಾಗೆ. ಮುಟ್ಟಿದರೆ ತಣ್ಣಗೆ. ಅಗ್ಗಿಷ್ಟಿಕೆ ಬೂದಿಯಾಗಿತ್ತು. ಕಿಂಡಿಯಲ್ಲಿ ಗೋಣಿಚೀಲ ತುರುಕಿದ ಹಾಗೇ ಇತ್ತು.

ಹುಳಗಳಿಗೆ ಏನೂ ಆಗಿರಲಿಲ್ಲ. ತಟ್ಟೆಗಳಲ್ಲಿ ಸೊಪ್ಪು ಖಾಲಿಯಾಗಿ, ಹಸಿದು ತಲೆ ಎತ್ತಿ ಹುಡುಕುತ್ತಿದ್ದವು.

ಅದನ್ನು ನೋಡಿಯೇ, ಅಗ್ಗಿಷ್ಟಿಕೆ ಹೊಗೆ ಇರಬಹುದು ಅಂತ ಯಾರೋ ಅಂದಿದ್ದನ್ನು ಜನ ನಂಬಲಿಲ್ಲ. ಇಷ್ಟು ನಾಜೂಕು ಹುಳ ಬದುಕಿರುವಾಗ ಮನುಷ್ಯರು ಸಾಯುತ್ತಾರೆಯೇ? ಗಾಳಿ ಸೋಕಿದೆ ಅಂದರು, ಬಾಣಂತಿ ಸನ್ನಿ ಅಂದರು. ಚನ್ನಪಟ್ಟಣದಿಂದ ಬಂದ ಡಾಕ್ಟರು ಅಗ್ಗಿಷ್ಟಿಕೆ ನೋಡಿದರು, ಕಿಂಡಿ ನೋಡಿದರು. ಚಳಿಗೆ ಕೆಂಪಿಯೇ ಗೋಣಿ ತುರುಕಿಕೊಂಡಿರಬೇಕು ಅಂತ ಮನೆಯವರು ಅಂದರು. "ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ವಿಷಗಾಳಿ ಆಗುತ್ತೆ. ವಾಸನೆ ಇರಲ್ಲ, ಗೊತ್ತೂ ಆಗಲ್ಲ. ಹುಳಕ್ಕೆ ಅದು ತಟ್ಟಲ್ಲ, ಮನುಷ್ಯರಿಗೆ ತಟ್ಟುತ್ತೆ. ತಲೆನೋವು ಅಂತ ಹೇಳಿರಲಿಲ್ವಾ?" ಅಂದರು. ಅಂಬಮ್ಮ ಇಲ್ಲ ಅಂತ ತಲೆ ಆಡಿಸಿದಳು. "ನನ್ನ ತಾವ ಹೇಳ್ಲಿಲ್ಲ ಸ್ವಾಮಿ. ಕೆಲಸದಾಗಿದ್ದೆ, ಅವ್ವನಿಗೆ ಯಾಕೆ ತ್ರಾಸು ಅಂದ್ಕೊಂಡ್ಳೇನೋ." ಗುಂಪಿನ ಹಿಂದೆ ನಿಂತಿದ್ದ ಭದ್ರಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೆಂಪಿ ಹೇಳಿದ್ದು ಅವಳಿಗೆ. ಹೇಳಬೇಕು ಅಂತ ಬಾಯಿವರೆಗೆ ಬಂತು. ಹೇಳಿದ್ದರೆ ಬೀರಲಿಂಗಯ್ಯ ಅಲ್ಲೇ ಕೊಂದುಹಾಕಿದ್ದರೂ ಅವಳಿಗೆ ಸುಖವಾಗುತ್ತಿತ್ತೋ ಏನೋ. ಹೇಳಲಿಲ್ಲ.

ಸತ್ತವರ ಕೊನೆಯ ಸ್ನಾನಕ್ಕೂ ಆ ಬೀದಿಯಲ್ಲಿ ಮನೆಗೊಂದು ಕೊಡ ನೀರು. ಮನೆ ಕಟ್ಟುವಾಗ ಕೊಟ್ಟವರು, ಮನೆ ಬಿಟ್ಟು ಹೋಗುವಾಗಲೂ ಕೊಡಬೇಕು. ಕಬ್ಬಾಳಿನವರು ಬರಲಿ ಅಂತ ಕಾದು ಮಾರನೇ ಬೆಳಗ್ಗೆ ಸ್ನಾನಕ್ಕಿಟ್ಟರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಬೀರಲಿಂಗಯ್ಯನ ಬಾಗಿಲಲ್ಲಿಟ್ಟಿದ್ದ ಹಂಡೆಗೆ ಹುಯ್ದು ಹೋದರು. ಕೆಂಪಿಯನ್ನು ಚಾಪೆ ಮರೆ ಮಾಡಿ ಕೂರಿಸಿದ್ದರು, ಮಗುವನ್ನು ಮಡಿಲಲ್ಲೇ ಇಟ್ಟಿದ್ದರು. ತಲೆಗೆ ಬಿಗಿದಿದ್ದ ಬಟ್ಟೆಯನ್ನು ಕಾವೇರಮ್ಮ ಬಿಚ್ಚುತ್ತಿದ್ದಳು. "ಯಾರೋ ಚೆಂದಾಗಿ ಕಟ್ಟವ್ರೆ" ಅಂದಳು.

ಭದ್ರಮ್ಮ ಬಾವಿಯಿಂದ ಕೊಡ ತುಂಬಿ ತಂದಳು. ಬೋರಲು ಹಾಕಿದ ಅದೇ ಕೊಡ. ಅವಳಿಗೆ ಇದ್ದದ್ದು ಅದೊಂದೇ ತಾಮ್ರದ್ದು. ಅಂಚಿನಿಂದ ನೀರು ತುಳುಕಿ ಸೀರೆಯೆಲ್ಲ ನೆನೆದಿತ್ತು. ಜನ ದಾರಿ ಬಿಟ್ಟರು. ಇವಳಿಗೆ ಬೇಕಾದದ್ದು ಒಂದೇ, ಆ ಹುಡುಗಿಯ ತಲೆ ಮೇಲೆ ತನ್ನ ಕೈಯಿಂದ ಒಂದು ಚೊಂಬು ನೀರು. ಎಳೆಯದರಲ್ಲಿ ಎಷ್ಟು ಸಲ ಹುಯ್ದಿದ್ದ ತಲೆ ಅದು. ಅಷ್ಟು ಸಿಕ್ಕರೆ ಸಾಕಿತ್ತು ಅವಳಿಗೆ.

ಹಂಡೆಯ ಹತ್ತಿರ ಅಂಬಮ್ಮ ಎದ್ದು ನಿಂತಳು. ಅತ್ತೂ ಅತ್ತೂ ದನಿ ಸತ್ತುಹೋಗಿತ್ತು. ಬೈಯುತ್ತಾಳೆ ಅಂತ ಜನ ಎರಡು ಹೆಜ್ಜೆ ಹಿಂದೆ ಸರಿದರು. ಅಂಬಮ್ಮ ಬೈಯಲಿಲ್ಲ. ಕೊಡದ ಬಾಯಿ ಮೇಲೆ ಅಂಗೈ ಇಟ್ಟು ತಡೆದಳು.

"ಬ್ಯಾಡ ಕಣಕ್ಕ."

"ಅಂಬಮ್ಮ, ನಿನ್ನ ಕಾಲಿಗೆ ಬೀಳ್ತೀನಿ..."

"ಅವತ್ತು ನಿಮ್ಮ ಮನೆ ನೀರು ಒಂದು ಕಮ್ಮಿ ಆಯ್ತು ಅಂತ ಕೋಣೆ ನಿಂತೋಯ್ತು. ಇವತ್ತೂ ಒಂದು ಕಮ್ಮಿನೇ ಇರ್ಲಿ. ಇದೇನು ನಿಲ್ಲಾಕಿಲ್ಲ."

ಅಷ್ಟು ಹೇಳಿ ಅಂಬಮ್ಮ ತಿರುಗಿ, ಹಂಡೆಯಿಂದ ಚೊಂಬು ಅದ್ದಿ, ಮಗಳ ತಲೆಗೆ ಹುಯ್ಯತೊಡಗಿದಳು.

ಭದ್ರಮ್ಮ ಬೀದಿ ದಾಟಿ ವಾಪಸು ಬಂದಳು. ತುಂಬಿದ ಕೊಡ ಸೊಂಟದ ಮೇಲೇ ಇತ್ತು. ಆ ನೀರನ್ನು ಮನೆಯೊಳಗೆ ಒಯ್ಯುವ ಹಾಗಿಲ್ಲ, ಹೆಣಕ್ಕೆ ಅಂತ ಸೇದಿದ್ದು. ಬೋರಲು ಹಾಕಿ ಚೆಲ್ಲಲು ಕೈ ಬರಲಿಲ್ಲ. ಚಿಕ್ಕಯ್ಯ ಬಾಗಿಲಿಗೆ ಬಂದು, "ಇಳಿಸು ಕಣೆ" ಅಂದ. ಇಳಿಸಲಿಲ್ಲ.

ಚಂದ್ರಿಕೆ ಹೊರಗಿಡುವ ಹೊತ್ತಾಗಿತ್ತು. ಎದುರಿನ ತಗ್ಗು ಹೆಂಚಿನ ಮೇಲಿಂದ ಬಿಸಿಲು ಬಂದು ಅವಳ ಜಗಲಿ ತುಂಬ ಬಿದ್ದಿತ್ತು. ಎದುರು ಮನೆಯಿಂದ ಹೆಣ ಎತ್ತಿಕೊಂಡು ಹೋಗುವವರೆಗೂ ಅವಳು ಆ ಬಿಸಿಲಿನಲ್ಲಿ ಕೊಡ ಹೊತ್ತುಕೊಂಡು ನಿಂತೇ ಇದ್ದಳು.